ಹಲ್ಲು ಕೀಳಿಸಿಕೊಂಡ ದಿನದ ಬೀಡಿ

ದೊಡ್ಡಪ್ಪನ ಹಲ್ಲು ಕೀಳಿಸಲು ಆನಗೋಡಿನಿಂದ ದಾವಣಗೆರೆಗೆ ಕರಕೊಂಡು ಹೋದವನು ನಾನೇ. ಕೆಳದವಡೆಯ ಹಿಂದಿನ ಹಲ್ಲು. ಮೆಕ್ಕೆಜೋಳ ಮುರಿದು ಮುಗೀಲಿ, ರೇಟು ನೋಡಿ ಮಾರೋದು ಮುಗೀಲಿ ಅಂತ ಒಂದು ತಿಂಗಳು ತಳ್ಳಿದ್ದ. ಕೊನೆಗೆ ಕೆನ್ನೆ ಊದಿಕೊಂಡ ಮೇಲೆ ಬಸ್ಸು ಹತ್ತಿದ. ಮೊದಲು ಐದು ದಿನ ಮಾತ್ರೆ ಕೊಟ್ಟು ಊತ ಇಳಿಸಿದರು. ಆಮೇಲೆ ಒಂದು ಬೆಳಿಗ್ಗೆ ಇಂಜೆಕ್ಷನ್ ಚುಚ್ಚಿ, ಹತ್ತು ನಿಮಿಷದಲ್ಲಿ ಹಲ್ಲು ಕಿತ್ತು ತಟ್ಟೆಗೆ ಹಾಕಿದರು. ದೊಡ್ಡಪ್ಪ ಹೊರಗೆ ಬಂದವನು ಹತ್ತಿ ಕಚ್ಚಿಕೊಂಡೇ ಕೈಸನ್ನೆಯಲ್ಲಿ ಕೇಳಿದ: ಇಷ್ಟೇನಾ?

ಒಂದು ಚೀಟಿ ಕೊಟ್ಟಿದ್ದರು. ಉಗುಳಬೇಡಿ, ಬಿಸಿ ತಿನ್ನಬೇಡಿ, ಬಾಯಿ ಮುಕ್ಕಳಿಸಬೇಡಿ ಅಂತೆಲ್ಲ ಅಚ್ಚು ಹಾಕಿಸಿದ ಚೀಟಿ. ಕೊನೆಯ ಸಾಲು, ಧೂಮಪಾನ ಮಾಡಬಾರದು. ದೊಡ್ಡಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಇಟ್ಟುಕೊಂಡ. ಅದೇ ಜೇಬಿನಲ್ಲಿ ಬೀಡಿ ಕಟ್ಟು ಇತ್ತು.

ಆನಗೋಡಿನಲ್ಲಿ ಬಸ್ಸು ಇಳಿದವನೇ ಹೆದ್ದಾರಿ ಪಕ್ಕಕ್ಕೆ ಹತ್ತಿ ಉಗಿದು ಬೀಡಿ ಹಚ್ಚಿದ. ನಾನು ಚೀಟಿ ನೆನಪಿಸಿದೆ.

"ಹಲ್ಲು ಕಿತ್ತಿರಾದು ಬಾಯಾಗೆ, ಹೊಗೆ ಹೋಗಾದು ಎದೆಗೆ. ಅದಕ್ಕೂ ಇದಕ್ಕೂ ಏನಪ ಸಂಬಂಧ?" ಅಂದ. ಒಂದು ದಮ್ಮು ಎಳೆದು, "ಹಲ್ನೋವಿಗೆ ಹೊಗೆ ಹಿಡಿಸ್ತಿದ್ರು ನಮ್ಮಜ್ಜಿ ಕಾಲದಾಗೆ. ಈಗ ಹೊಗೆನೇ ಬ್ಯಾಡ ಅಂತಾರೆ" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಪತ್ರಿಕೋದ್ಯಮ ಓದಿದವನಿಗೆ ಎಲ್ಲಾ ಗೊತ್ತಿರುತ್ತೆ ಅಂದುಕೊಂಡಿರುವ ಊರಲ್ಲಿ ಉತ್ತರ ಇಲ್ಲದೆ ನಿಲ್ಲುವುದು ಕಷ್ಟ.

ಮೂರನೇ ರಾತ್ರಿ ದೊಡ್ಡಪ್ಪ ಮಲಗಲಿಲ್ಲ. ಹಲ್ಲು ಇದ್ದಾಗಲೂ ಇಂಥ ನೋವು ಇರಲಿಲ್ಲವಂತೆ. ನೋವು ದವಡೆಯಿಂದ ಕಿವಿಗೆ ಏರಿತ್ತು, ಬಾಯಿ ಕೆಟ್ಟ ವಾಸನೆ ಬರುತ್ತಿತ್ತು. ಬೆಳಿಗ್ಗೆ ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: ಡಾಕ್ಟ್ರು ಸರಿಯಾಗಿ ಕಿತ್ತಿಲ್ಲ, ಬೇರು ಒಳಗೇ ಉಳಿದೈತೆ. ಮತ್ತೆ ಬಸ್ಸು ಹತ್ತಿದೆವು. ಡಾಕ್ಟರು ಬಾಯಿ ತೆರೆಸಿ, ಲೈಟು ಬಿಟ್ಟು ನೋಡಿ, ಒಂದೇ ಪ್ರಶ್ನೆ ಕೇಳಿದರು. "ಬೀಡಿ ಸೇದಿದ್ರಾ ಯಜಮಾನ್ರೆ?"

ಆವತ್ತಿನಿಂದ ದೊಡ್ಡಪ್ಪನ ಎರಡೂ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟವು. ಬೀಡಿಗೂ ಕಿತ್ತ ಹಲ್ಲಿಗೂ ಏನು ಸಂಬಂಧ? ಹಿಂದೆ ಹಲ್ಲುನೋವಿಗೆ ಹೊಗೆಯನ್ನೇ ಮದ್ದು ಅಂತ ಕೊಡುತ್ತಿದ್ದದ್ದು ನಿಜವಾ? ಹುಡುಕಿದಾಗ ಎರಡನೆಯದಕ್ಕೆ ಮೊದಲು ಉತ್ತರ ಸಿಕ್ಕಿತು. ದೊಡ್ಡಪ್ಪ ಸುಳ್ಳು ಹೇಳಿರಲಿಲ್ಲ.

ಸುಮಾರು ಎರಡು ಸಾವಿರ ವರ್ಷ ಹಿಂದಿನ ಚರಕ ಸಂಹಿತೆಯಲ್ಲಿ ಧೂಮಪಾನ ಅನ್ನುವ ಮಾತೇ ಇದೆ. ಅಲ್ಲಿ ಅದು ಚಟ ಅಲ್ಲ, ಚಿಕಿತ್ಸೆ. ಗಂಧ, ಏಲಕ್ಕಿ, ಗುಗ್ಗುಳದಂಥ ಪದಾರ್ಥ ಅರೆದು, ಒಂದು ಕಡ್ಡಿಗೆ ಮೆತ್ತಿ ಒಣಗಿಸಿ, ಕಡ್ಡಿ ಹೊರಗೆಳೆದು, ತುಪ್ಪ ಸವರಿ ಹೊತ್ತಿಸಿ, ಕೊಳವೆಯಲ್ಲಿ ಹೊಗೆ ಎಳೆಯಬೇಕು. ಆ ಹೊಗೆಯಿಂದ ವಾಸಿಯಾಗುವ ಕಾಯಿಲೆಗಳ ಪಟ್ಟಿಯಲ್ಲಿ ತಲೆನೋವು, ನೆಗಡಿ, ಕೆಮ್ಮಿನ ಜೊತೆಗೆ ಹಲ್ಲುನೋವೂ ಇದೆ. ತಂಬಾಕು ಇಲ್ಲ. ತಂಬಾಕು ಆಗ ನಮ್ಮ ದೇಶಕ್ಕೆ ಬಂದೇ ಇರಲಿಲ್ಲ.

ಅದೇ ಅಧ್ಯಾಯದಲ್ಲಿ ಇನ್ನೊಂದು ಪಟ್ಟಿಯೂ ಇದೆ. ಯಾರು ಹೊಗೆ ಸೇದಬಾರದು ಅನ್ನುವ ಪಟ್ಟಿ. ಭೇದಿಗೆ ತೆಗೆದುಕೊಂಡವರು, ವಿಷ ಏರಿದವರು, ಬಸುರಿಯರು ಸೇದಬಾರದು. ಅವರ ಜೊತೆಗೆ ರಕ್ತಸ್ರಾವದ ತೊಂದರೆ ಇರುವವರೂ ಸೇದಬಾರದು. ಇದನ್ನು ಓದಿದಾಗ ನನಗೆ ಸ್ವಲ್ಪ ನಗು ಬಂತು. ಹೊಗೆಯನ್ನು ಹೊಗಳಿದ ಪುಸ್ತಕವೇ ರಕ್ತ ಸೋರುವವನಿಗೆ ಅದು ಬೇಡ ಅಂದಿದೆ. ಅಲ್ಲಿ ಹೇಳಿರುವುದು ಕಿತ್ತ ಹಲ್ಲಿನ ವಿಚಾರವಲ್ಲ, ಅದನ್ನು ಎಳೆದು ತಂದು ಇಲ್ಲಿ ಜೋಡಿಸಬಾರದು. ಆದರೂ ದೊಡ್ಡಪ್ಪನಿಗೆ ಹೇಳಲು ಒಂದು ಮಾತು ಸಿಕ್ಕಿತು.

ಅಜ್ಜಿ ಕಾಲದಲ್ಲಿ ಹಿಡಿಸುತ್ತಿದ್ದ ಹೊಗೆ ಬೇರೆ. ಅದು ಹಲ್ಲಿನ ಹುಳಕ್ಕೆ. ನಮ್ಮ ಕಡೆ ಈಗಲೂ ಹುಳುಕು ಹಲ್ಲು ಅಂತಲೇ ಅನ್ನುತ್ತೇವೆ. ಹಲ್ಲಿನೊಳಗೆ ಹುಳ ಕೂತು ಕೊರೆಯುತ್ತೆ ಅನ್ನುವ ನಂಬಿಕೆ ನಮ್ಮದು ಮಾತ್ರ ಅಲ್ಲ, ಸಾವಿರಾರು ವರ್ಷ ಹಿಂದೆ ಬ್ಯಾಬಿಲೋನಿನವರು ಮಣ್ಣಿನ ಹಲಗೆ ಮೇಲೆ ಬರೆದಿಟ್ಟದ್ದು. ನಮ್ಮಲ್ಲಿ ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಏಳುವ ಹೊಗೆಯನ್ನು ಕೊಳವೆಯಲ್ಲಿ ಬಾಯಿಗೆ ಹಿಡಿಸುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಬಿಳಿ ಬಿಳಿ ಹುಳ ಉದುರಿದವು ಅಂತ ತೋರಿಸುತ್ತಿದ್ದರು. ಬಿಸಿಗೆ ಒಡೆದ ಬೀಜದಿಂದ ಹೊರಗೆ ಬರುವ ಮೊಳಕೆಯೂ ಹುಳದ ಹಾಗೇ ಕಾಣುತ್ತದೆ. ಅಷ್ಟೇ ಅದರ ಗುಟ್ಟು. ಫ್ರಾನ್ಸಿನ ಪಿಯರ್ ಫೋಷಾರ್ 1728ರಲ್ಲಿ ಬರೆದ ದಂತವೈದ್ಯದ ಪುಸ್ತಕದಲ್ಲಿ ಹುಳದ ಮಾತನ್ನು ತಳ್ಳಿಹಾಕಿದ. 1890ರ ಹೊತ್ತಿಗೆ ಮಿಲ್ಲರ್ ಎಂಬ ವಿಜ್ಞಾನಿ, ಬಾಯಲ್ಲಿರುವ ಸೂಕ್ಷ್ಮಜೀವಿಗಳು ತಿಂದ ಅನ್ನ ಸಕ್ಕರೆಯಿಂದ ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಅಂತ ತೋರಿಸಿಕೊಟ್ಟ. ಹುಳ ಹೋಯಿತು. ಹಲ್ಲಿಗೆ ಹೊಗೆ ಒಳ್ಳೆಯದು ಅನ್ನುವ ಮಾತು ಮಾತ್ರ ಮನೆಗಳಲ್ಲಿ ಉಳಿಯಿತು.

ಹಾಗೆ ಉಳಿದ ಮಾತಿನ ಜಾಗಕ್ಕೆ ತಂಬಾಕು ಬಂದು ಕೂತಿತು. ಅದರ ಕಥೆಯಲ್ಲಿ ನಮ್ಮ ಕರ್ನಾಟಕದ ಹೆಸರು ಬರುತ್ತದೆ. ಅಕ್ಬರನ ಕಡೆಯ ಅಸದ್ ಬೇಗ್ ಎಂಬ ಅಧಿಕಾರಿ ಬಿಜಾಪುರದ ಆದಿಲ್‌ಶಾಹಿ ಆಸ್ಥಾನಕ್ಕೆ ರಾಯಭಾರಿಯಾಗಿ ಬಂದಿದ್ದ. ಅಲ್ಲಿ ಅವನು ಮೊದಲ ಸಲ ತಂಬಾಕು ನೋಡಿದ. ಪೋರ್ಚುಗೀಸರು ಕಡಲು ದಾಟಿಸಿ ತಂದ ಸೊಪ್ಪು ಅದು. 1604-05ರ ಸುಮಾರಿಗೆ ಒಂದಷ್ಟು ತಂಬಾಕು, ಜೊತೆಗೆ ರತ್ನ ಕೆತ್ತಿಸಿದ ಒಂದು ಕೊಳವೆ ತೆಗೆದುಕೊಂಡು ಹೋಗಿ ಆಗ್ರಾದಲ್ಲಿ ಅಕ್ಬರನ ಮುಂದೆ ಇಟ್ಟ. ಇದು ಏನು ಅಂದರೆ ಔಷಧಿ ಅಂದರು. ಬಾದಶಹ ಒಂದೆರಡು ದಮ್ಮು ಎಳೆದ. ಆಸ್ಥಾನದ ಹಕೀಮ ತಡೆದ. ನಮ್ಮ ಗ್ರಂಥಗಳಲ್ಲಿ ಇಲ್ಲದ ಮದ್ದನ್ನು ದೊರೆಗೆ ಕೊಡಲು ಅವನು ಒಪ್ಪಲಿಲ್ಲ. ಅಕ್ಬರ ಅದನ್ನು ರೂಢಿ ಮಾಡಿಕೊಳ್ಳಲಿಲ್ಲ, ಆದರೆ ಆಸ್ಥಾನದ ದೊಡ್ಡವರು ಮಾಡಿಕೊಂಡರು. ಮಗ ಜಹಾಂಗೀರ 1617ರಲ್ಲಿ ತಂಬಾಕು ನಿಷೇಧಿಸಿ ಆಜ್ಞೆ ಹೊರಡಿಸಿದ. ಯಾರೂ ಕೇಳಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಯೂರೋಪಿನಲ್ಲೂ ಇದೇ ಕಥೆ. ಸ್ಪೇನಿನ ವೈದ್ಯ ಮೊನಾರ್ಡೆಸ್ 1571ರಲ್ಲಿ ತಂಬಾಕಿನಿಂದ ವಾಸಿಯಾಗುವ ಕಾಯಿಲೆಗಳನ್ನು ಬರೆಯುತ್ತಾ ಹಲ್ಲುನೋವನ್ನೂ ಸೇರಿಸಿದ್ದ. ನಮ್ಮ ಹಳ್ಳಿಗಳಲ್ಲಿ ನೋಯುವ ಹಲ್ಲಿನ ತೂತಿಗೆ ಹೊಗೆಸೊಪ್ಪು ಒತ್ತಿಟ್ಟುಕೊಳ್ಳುವವರನ್ನು, ಕಡ್ಡಿಪುಡಿ ಸವರಿಕೊಳ್ಳುವವರನ್ನು ನೀವೂ ನೋಡಿರುತ್ತೀರಿ. ಬಾಯಿ ಸ್ವಲ್ಪ ಹೊತ್ತು ಜೋಮು ಹಿಡಿದಂತಾಗಿ ನೋವು ಮರೆತುಹೋಗುತ್ತದೆ. ಮೊನಾರ್ಡೆಸ್ ಪುಸ್ತಕ ಓದಿ ಯಾರೂ ಇದನ್ನು ಕಲಿತದ್ದಲ್ಲ. ಅಂದಹಾಗೆ ಹೊಗೆಸೊಪ್ಪು ಅನ್ನುವ ಹೆಸರು ನೋಡಿ. ಜಗಿದರೂ ಹೊಗೆಸೊಪ್ಪೇ, ಸೇದಿದರೂ ಹೊಗೆಸೊಪ್ಪೇ. ಸೊಪ್ಪು ಅಂದಮೇಲೆ ಹೊಲದ್ದು, ನಮ್ಮದು, ಒಳ್ಳೆಯದು ಅನ್ನಿಸಿಬಿಡುತ್ತೆ.

ಬೀಡಿ ಬಂದದ್ದು ತೀರಾ ತಡವಾಗಿ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಮಧ್ಯ ಭಾರತದ ಕಾಡಿನ ಎಲೆ, ಗುಜರಾತಿನ ತಂಬಾಕು, ರೈಲು ಈ ಮೂರೂ ಸೇರಿ ಬೀಡಿ ಉದ್ಯಮ ಬೆಳೆಯಿತು. ಪರದೇಶಿ ಸಿಗರೇಟು ಬಿಡಿ ಅಂದ ಸ್ವದೇಶಿ ಚಳವಳಿಯ ಕಾಲದಲ್ಲಿ ಬೀಡಿ ದೇಶಭಕ್ತರ ಕೈಗೂ ಬಂತು. ಮಂಗಳೂರು ಕಡೆ ಬೀಡಿ ಕಂಪನಿಗಳು ಎದ್ದವು. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಕಾಲ ಅದು. ಗಿರಣಿಯ ಪಾಳಿ ಬಿಟ್ಟವರ ಕೈಯಲ್ಲಿ ಬೀಡಿ. ಗಿರಣಿಗಳು ಮುಚ್ಚಿದರೂ ಬೀಡಿ ನಿಲ್ಲಲಿಲ್ಲ. ಇವತ್ತಿಗೂ ದಾವಣಗೆರೆಯ ಕೆಲವು ಓಣಿಗಳಲ್ಲಿ ಹೆಣ್ಣುಮಕ್ಕಳು ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟಿಯೇ ಸಂಸಾರ ನಡೆಸುತ್ತಾರೆ. ಬೀಡಿ ಬೇಡ ಅಂತ ಬರೆಯುವಾಗ ಅವರ ಮುಖವೂ ಕಣ್ಣಮುಂದೆ ಬರುತ್ತದೆ. ಅದು ಬೇರೆಯೇ ಬರಹದ ವಿಷಯ, ಇಲ್ಲಿಗೆ ಬಿಡುತ್ತೇನೆ.

ಇನ್ನು ಹಲ್ಲು ಕೀಳುವ ವಿಚಾರ. ಸುಶ್ರುತ ಸಂಹಿತೆಯ ಶಸ್ತ್ರಗಳ ಪಟ್ಟಿಯಲ್ಲೇ ದಂತಶಂಕು ಅನ್ನುವ ಹಲ್ಲಿನ ಉಪಕರಣ ಇದೆ, ಅಂದರೆ ಈ ಕೆಲಸ ಹಳೆಯದು. ಆದರೆ ಹಳ್ಳಿಯವರಿಗೆ ಸಿಗುತ್ತಿದ್ದವರು ಸಂತೆಯಲ್ಲಿ ಚೀಲ ಹಾಸಿ ಇಕ್ಕಳ ಇಟ್ಟುಕೊಂಡು ಕೂರುವವರು. ಕೀಳುವುದೇ ಒಂದು ಯುದ್ಧ. ಇಬ್ಬರು ಹಿಡಿದುಕೊಳ್ಳಬೇಕು, ಒಬ್ಬ ಎಳೆಯಬೇಕು. ಅಂಥ ದಿನ ಯಾರಿಗೂ ಬೀಡಿಯ ನೆನಪು ಬರುತ್ತಿರಲಿಲ್ಲ ಅಂತ ಕಾಣುತ್ತೆ.

ಆ ನೋವನ್ನು ತೆಗೆದವರೂ ಹಲ್ಲಿನ ಡಾಕ್ಟರೇ. 1844ರಲ್ಲಿ ಅಮೆರಿಕದ ಹೊರೇಸ್ ವೆಲ್ಸ್ ಎಂಬ ದಂತವೈದ್ಯ, ನಗೆ ಅನಿಲ ಎಳೆದುಕೊಂಡು ತನ್ನದೇ ಹಲ್ಲು ಕೀಳಿಸಿಕೊಂಡ. 1846ರ ಸೆಪ್ಟೆಂಬರ್ 30ರಂದು ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರ್ ಮೂಸಿಸಿ ಒಬ್ಬ ರೋಗಿಯ ಹಲ್ಲು ಕಿತ್ತ. ಎರಡು ವಾರ ಕಳೆದು ದೊಡ್ಡಾಸ್ಪತ್ರೆಯ ಶಸ್ತ್ರಚಿಕಿತ್ಸೆಗೂ ಅದೇ ಈಥರ್ ಹೋಯಿತು. ಜಗತ್ತಿನ ಎಲ್ಲ ಆಪರೇಷನ್ ಥಿಯೇಟರುಗಳ ಅರಿವಳಿಕೆ ಹೀಗೆ ಒಂದು ಹಲ್ಲಿನಿಂದ ಶುರುವಾದದ್ದು. ಈಗ ವಸಡಿಗೆ ಚುಚ್ಚುವ ಲಿಗ್ನೊಕೇನ್ 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾಯಿತು. ದೊಡ್ಡಪ್ಪನ "ಇಷ್ಟೇನಾ" ಅನ್ನುವ ಸನ್ನೆಯ ಹಿಂದೆ ಇಷ್ಟು ಜನರ ಕೆಲಸ ಇದೆ.

ಆದರೆ ನನಗನ್ನಿಸುವುದು, ತೊಂದರೆ ಶುರುವಾದದ್ದೂ ಅಲ್ಲಿಂದಲೇ. ನೋವಿಲ್ಲದೆ ಕಿತ್ತಮೇಲೆ ಅದು ಗಾಯ ಅನ್ನಿಸುವುದೇ ಇಲ್ಲ. ಹೊಲದಲ್ಲಿ ಕಾಲಿಗೆ ಕುಡುಗೋಲು ತಾಗಿ ಮೂಳೆ ಕಂಡರೆ ನಾವು ಬಟ್ಟೆ ಕಟ್ಟುತ್ತೇವೆ, ನಾಲ್ಕು ದಿನ ಕೆಸರಿಗೆ ಇಳಿಯುವುದಿಲ್ಲ. ಹಲ್ಲು ಕಿತ್ತ ಜಾಗದಲ್ಲೂ ತೆರೆದುಕೊಳ್ಳುವುದು ದವಡೆಯ ಮೂಳೆಯೇ. ಕಣ್ಣಿಗೆ ಕಾಣುವುದಿಲ್ಲ, ಬಟ್ಟೆ ಕಟ್ಟಲು ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಅಲ್ಲಿ ಬಟ್ಟೆಯ ಕೆಲಸ ಮಾಡುವುದು ರಕ್ತವೇ. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ತುಂಬಿ, ಕೆಲವು ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆ. ಹೆಪ್ಪು ಅನ್ನುವ ಮಾತನ್ನು ನಾವು ಹಾಲಿಗೂ ಹೇಳುತ್ತೇವೆ, ರಕ್ತಕ್ಕೂ ಹೇಳುತ್ತೇವೆ. ರಾತ್ರಿ ಹೆಪ್ಪು ಹಾಕಿಟ್ಟ ಪಾತ್ರೆಯನ್ನು ಮಕ್ಕಳು ಮುಟ್ಟಿದರೆ ಅಮ್ಮ ಗದರುತ್ತಾಳೆ: ಅಲ್ಲಾಡಿಸಬೇಡ, ಮೊಸರು ಒಡೆಯುತ್ತೆ. ಬಾಯೊಳಗಿನ ಹೆಪ್ಪಿಗೂ ಅದೇ ನಿಯಮ. ಅದು ಅಲುಗದೆ ಕೂತರೆ ಅದರ ಕೆಳಗೆ ಹೊಸ ಮಾಂಸ ಬೆಳೆದು, ವಸಡು ಮುಚ್ಚಿಕೊಂಡು, ತಿಂಗಳುಗಳಲ್ಲಿ ಮೂಳೆಯೂ ತುಂಬಿಕೊಳ್ಳುತ್ತದೆ. ಹೆಪ್ಪು ಕಿತ್ತುಹೋದರೆ, ಇಲ್ಲವೇ ಕರಗಿಹೋದರೆ, ಬರಿ ಮೂಳೆ ಗಾಳಿಗೆ, ಎಂಜಲಿಗೆ ತೆರೆದು ನಿಲ್ಲುತ್ತದೆ. ಅಲ್ಲಿಗೆ ಒಂದರಿಂದ ಮೂರು ದಿನದೊಳಗೆ ನೋವು ಏಳುತ್ತದೆ. ದೊಡ್ಡಪ್ಪನಿಗೆ ಆದದ್ದು ಇದೇ. ಬೇರು ಉಳಿದಿರಲಿಲ್ಲ. ಡಾಕ್ಟರದ್ದು ತಪ್ಪಿರಲಿಲ್ಲ.

ಇದಕ್ಕೆ ಹೆಸರಿಟ್ಟವನು ಜೇಮ್ಸ್ ಯಂಗ್ ಕ್ರಾಫರ್ಡ್ ಎಂಬ ಅಮೆರಿಕದ ದಂತವೈದ್ಯ. 1896ರಲ್ಲಿ ಬರೆದ ಒಂದು ಲೇಖನದಲ್ಲಿ ಡ್ರೈ ಸಾಕೆಟ್ ಅಂತ ಕರೆದ, ಅಂದರೆ ಒಣ ಗುಳಿ. ಹೆಸರು ಬಂತೇ ಹೊರತು ಕಾರಣ ಗೊತ್ತಾಗಲಿಲ್ಲ. ಕೀಳುವಾಗ ಗಾಯ ಜಾಸ್ತಿ ಆಯಿತು ಅಂತ ಕೆಲವರು, ಸೋಂಕು ತಗುಲಿತು ಅಂತ ಕೆಲವರು. ನಮ್ಮೂರಿನವರು ಅಂದಂತೆ ಡಾಕ್ಟರು ಸರಿಯಾಗಿ ಕೀಳಲಿಲ್ಲ ಅನ್ನುವ ಮಾತು ಡಾಕ್ಟರುಗಳ ನಡುವೆಯೇ ಓಡಾಡುತ್ತಿತ್ತು. 1973ರಲ್ಲಿ ಡೆನ್ಮಾರ್ಕಿನ ಬಿರ್ನ್ ಎಂಬ ಸಂಶೋಧಕ ಬೇರೆ ದಾರಿ ತೋರಿಸಿದ. ಗಾಯವಾದ ಮೂಳೆಯಿಂದ, ಸುತ್ತಲಿನ ಊತದಿಂದ ಕೆಲವು ವಸ್ತುಗಳು ಹೊರಬಂದು ಹೆಪ್ಪನ್ನು ಅವಧಿಗೆ ಮೊದಲೇ ಕರಗಿಸಿಬಿಡುತ್ತವೆ ಅಂತ ಅವನು ವಿವರಿಸಿದ.

ಬೀಡಿ ಸಿಗರೇಟಿನ ಲೆಕ್ಕ ಬಂದದ್ದು ಆರು ವರ್ಷದ ಮೇಲೆ. 1979ರಲ್ಲಿ ಸ್ವೀಟ್ ಮತ್ತು ಬಟ್ಲರ್ ಎಂಬಿಬ್ಬರು ಅಮೆರಿಕದ ಪತ್ರಿಕೆಯೊಂದರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಳದವಡೆಯ 400 ಬುದ್ಧಿಹಲ್ಲುಗಳನ್ನು ತೆಗೆದು, ಯಾರಿಗೆ ಒಣ ಗುಳಿ ಆಯಿತು ಅಂತ ಎಣಿಸಿದ್ದರು. ಸಿಗರೇಟು ಸೇದದವರಲ್ಲಿ ಶೇ. 2.6. ದಿನಕ್ಕೆ ಅರ್ಧ ಪ್ಯಾಕು ಸೇದುವವರಲ್ಲಿ ಶೇ. 12. ಒಂದು ಪ್ಯಾಕು ಸೇದುವವರಲ್ಲಿ ಶೇ. 20ಕ್ಕಿಂತ ಹೆಚ್ಚು. ಹಲ್ಲು ತೆಗೆದ ದಿನವೋ ಮಾರನೇ ದಿನವೋ ಸೇದಿದವರಲ್ಲಿ ಶೇ. 40. ಬುದ್ಧಿಹಲ್ಲು ತೆಗೆಯುವುದು ದೊಡ್ಡ ಕೆಲಸ, ಆದ್ದರಿಂದ ಈ ಸಂಖ್ಯೆಗಳು ಎಲ್ಲ ಹಲ್ಲಿಗೂ ಹೀಗೇ ಇರುವುದಿಲ್ಲ. ಮಾಮೂಲಿ ಹಲ್ಲು ಕಿತ್ತವರಲ್ಲಿ ನೂರಕ್ಕೆ ಎರಡರಿಂದ ಐದು ಮಂದಿಗೆ ಇದು ಬರುತ್ತದೆ ಅನ್ನುತ್ತಾರೆ. ಮೇಲ್ದವಡೆಗಿಂತ ಕೆಳದವಡೆಯಲ್ಲಿ ಜಾಸ್ತಿ. ಆಮೇಲೆ ಬಂದ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರೂ, ಸೇದುವವರಿಗೆ ಸುಮಾರು ಮೂರು ಪಟ್ಟು ಹೆಚ್ಚು ಅನ್ನುವಲ್ಲಿಗೇ ಬಂದು ನಿಂತಿದ್ದಾರೆ.

ಆ 1979 ಅನ್ನುವ ಇಸವಿ ನೋಡಿ ನಾನು ಸ್ವಲ್ಪ ಹೊತ್ತು ನಿಂತೆ. ದಾವಣಗೆರೆಯಲ್ಲಿ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಶುರುವಾದದ್ದೂ 1979ರಲ್ಲೇ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಕಾಕತಾಳೀಯ. ಆದರೂ ನಮ್ಮ ಸೀಮೆಯ ಮಟ್ಟಿಗೆ ಆ ವರ್ಷ ದೊಡ್ಡದು. ದೇಶದ ಮೊದಲ ದಂತ ಕಾಲೇಜನ್ನು ಕಲ್ಕತ್ತದಲ್ಲಿ ರಫಿಯುದ್ದೀನ್ ಅಹ್ಮದ್ ಅವರು 1920ರಲ್ಲಿ ತೆರೆದಿದ್ದರು. ಲೈಸೆನ್ಸ್ ಇಲ್ಲದೆ ಹಲ್ಲಿನ ವೈದ್ಯ ಮಾಡಬಾರದು ಅನ್ನುವ ಕಾಯ್ದೆ ಬಂದದ್ದು 1948ರಲ್ಲಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದ್ದು. ಆಮೇಲೆ 1979ರಲ್ಲಿ ದಾವಣಗೆರೆ, 1991ರಲ್ಲಿ ಅದೇ ಊರಲ್ಲಿ ಎರಡನೆಯ ದಂತ ಕಾಲೇಜು. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕಾಗಿತ್ತು, ಜಿಲ್ಲೆ ಆದದ್ದು 1997ರಲ್ಲಿ. ಜಿಲ್ಲಾಧಿಕಾರಿ ಕಚೇರಿ ಬರುವ ಮೊದಲೇ ಎರಡು ಹಲ್ಲಿನ ಕಾಲೇಜು ಇದ್ದ ಊರು ಇದು. ಹರಿಹರ, ಹರಪನಹಳ್ಳಿ, ಜಗಳೂರು, ಆನಗೋಡಿನ ಜನಕ್ಕೆ ಸಂತೆಯ ಇಕ್ಕಳ ಬಿಟ್ಟು, ಬಸ್ಸು ಹತ್ತಿ ಹೋದರೆ ಕುರ್ಚಿ ಮೇಲೆ ಮಲಗಿಸಿ ಕೀಳುವವರು ಸಿಕ್ಕರು.

ಬಸ್ಸು ಹತ್ತಿ ಹೋಗಿ ಬರುವುದರಲ್ಲೇ ಬೀಡಿಯೂ ಸೇರಿಕೊಂಡಿತು. ಯೋಚನೆ ಮಾಡಿ. ಹಳ್ಳಿಯವನು ಪಟ್ಟಣಕ್ಕೆ ಹೋಗಿ, ಸರದಿಯಲ್ಲಿ ಕೂತು, ಹೆದರಿಕೊಂಡೇ ಬಾಯಿ ತೆರೆದು, ಕೆಲಸ ಮುಗಿಸಿ ಹೊರಗೆ ಬರುತ್ತಾನೆ. ಬಸ್ಸಿಗೆ ಇನ್ನೂ ಹೊತ್ತಿದೆ. ಹೆದರಿಕೆ ಇಳಿದಿದೆ. ಹೊಟ್ಟೆ ಹಸಿದಿದೆ, ತಿನ್ನುವ ಹಾಗಿಲ್ಲ. ಅಂಥ ಹೊತ್ತಿನಲ್ಲಿ ಸೇದುವವನ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಹೆಪ್ಪು ಇನ್ನೂ ಹಸಿಯಾಗಿರುವ ಗಂಟೆಯೂ ಅದೇ.

ಬೀಡಿ ಈ ವಿಷಯದಲ್ಲಿ ಸಿಗರೇಟಿಗಿಂತ ಒಂದು ಕೈ ಮೇಲು ಅಂತ ನನ್ನ ಅನುಮಾನ. ಮೇಲೆ ಹೇಳಿದ ಲೆಕ್ಕ ಸಿಗರೇಟಿನದು. ಸಿಗರೇಟು ಕೈಯಲ್ಲಿ ಹಿಡಿದು ಕೂತರೂ ತಾನೇ ಉರಿಯುತ್ತಿರುತ್ತದೆ. ಬೀಡಿ ಹಾಗಲ್ಲ, ಮಾತಾಡುತ್ತಾ ಕೂತರೆ ಆರಿಹೋಗುತ್ತದೆ. ಆರದಂತೆ ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ಕೆನ್ನೆ ಒಳಗೆ ಹೋಗುವಷ್ಟು ಎಳೆದಾಗ ಬಾಯೊಳಗೆ ಹೀರುವ ಒತ್ತಡ ಹುಟ್ಟುತ್ತದೆ, ಅದು ಹೆಪ್ಪನ್ನೂ ಎಳೆಯುತ್ತದೆ. ಡಾಕ್ಟರುಗಳು ಎಳನೀರನ್ನು ಸ್ಟ್ರಾ ಹಾಕಿ ಕುಡಿಯಬೇಡಿ ಅನ್ನುವುದೂ ಇದಕ್ಕೇ. ಹೊಗೆಯ ಬಿಸಿ ಒಂದು ಕಡೆ. ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡಿ ಗಾಯಕ್ಕೆ ಬರುವ ರಕ್ತ ಕಡಿಮೆ ಮಾಡುವುದು ಇನ್ನೊಂದು ಕಡೆ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುವುದು ಮತ್ತೊಂದು. ಇದರಲ್ಲಿ ಯಾವುದರ ಪಾಲು ಎಷ್ಟು ಅಂತ ತಜ್ಞರು ಇನ್ನೂ ವಾದ ಮಾಡುತ್ತಿದ್ದಾರೆ. ದೊಡ್ಡಪ್ಪನ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿತು. ಹೊಗೆ ಎದೆಗೆ ಹೋಗುವುದು ಬಾಯಿ ದಾಟಿಯೇ. ಎದೆಗೆ ಹೋದ ನಿಕೋಟಿನ್ ರಕ್ತದಲ್ಲಿ ಮತ್ತೆ ಬಾಯಿಗೇ ಬರುತ್ತದೆ.

ಬೀಡಿ ಸೇದುವುದಿಲ್ಲ, ಎಲೆ ಅಡಿಕೆ ಹೊಗೆಸೊಪ್ಪು ಮಾತ್ರ ಅನ್ನುವವರು ಇಲ್ಲಿಗೆ ಓದು ನಿಲ್ಲಿಸಬೇಡಿ. ಹಾಕಿಕೊಂಡಮೇಲೆ ಉಗುಳಲೇಬೇಕು, ಉಗುಳುವಾಗಲೂ ಹೆಪ್ಪು ಕಿತ್ತು ಬರುತ್ತದೆ. ಗುಟ್ಕಾವನ್ನು ರಾಜ್ಯದಲ್ಲಿ 2013ರಲ್ಲೇ ನಿಷೇಧಿಸಿದರೂ ಬೇರೆ ಬೇರೆ ಹೆಸರಲ್ಲಿ ಪುಡಿಕೆ ಸಿಗುವುದು ನಿಮಗೂ ಗೊತ್ತು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳಿಗೂ ಒಣ ಗುಳಿ ಸ್ವಲ್ಪ ಹೆಚ್ಚಾಗಿ ಬರುತ್ತದೆ ಅಂತ ಕಂಡುಬಂದಿದೆ. ಹಲ್ಲು ಕೀಳಿಸಲು ಹೋದಾಗ ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿದರೆ ಒಳ್ಳೆಯದು.

ಸರ್ಕಾರ ಎಚ್ಚರಿಕೆ ಕೊಡಲಿಲ್ಲವಾ ಅಂದರೆ, ಕೊಟ್ಟಿತು. 1975ರ ಕಾಯ್ದೆ ಪ್ಯಾಕಿನ ಮೇಲೆ ಎಚ್ಚರಿಕೆ ಅಚ್ಚು ಹಾಕಬೇಕು ಅಂದಿತು. ಆದರೆ ಆ ಕಾಯ್ದೆ ಸಿಗರೇಟಿಗೆ ಮಾತ್ರ. ಬೀಡಿ ಕಟ್ಟಿನ ಮೇಲೆ ದೇವರ ಚಿತ್ರ, ಮಾಲೀಕರ ಫೋಟೋ ಇದ್ದವು, ಎಚ್ಚರಿಕೆ ಇರಲಿಲ್ಲ. 2003ರಲ್ಲಿ ಹೊಸ ಕಾಯ್ದೆ ಬಂದು, 2009ರ ಮೇ 31ರಿಂದ ಚಿತ್ರಸಹಿತ ಎಚ್ಚರಿಕೆ ಬೀಡಿಗೂ ಬಂತು. ಮೂವತ್ತಕ್ಕೂ ಹೆಚ್ಚು ವರ್ಷ ನಮ್ಮ ಹಳ್ಳಿಯವರು ಸಿಗರೇಟು ಕೆಟ್ಟದ್ದು, ಬೀಡಿ ಪರವಾಗಿಲ್ಲ ಅಂದುಕೊಂಡಿದ್ದರೆ ತಪ್ಪು ಅವರೊಬ್ಬರದ್ದೇ ಅಲ್ಲ. ಈಗಿನ ಚಿತ್ರವೂ ಕ್ಯಾನ್ಸರಿನದು. ಹಲ್ಲು ಕಿತ್ತ ದಿನ ಸೇದಿದರೆ ಮೂರನೇ ರಾತ್ರಿ ಏನಾಗುತ್ತೆ ಅಂತ ಯಾವ ಕಟ್ಟಿನ ಮೇಲೂ ಇಲ್ಲ. ಇರುವುದು ಆ ಚೀಟಿಯ ಕೊನೆಯ ಸಾಲಿನಲ್ಲಿ. ಅಲ್ಲೂ ಯಾಕೆ ಅಂತ ಬರೆದಿಲ್ಲ. ನೆಲಗುಳ್ಳದ ಹೊಗೆ ಹಿಡಿಸುತ್ತಿದ್ದ ಅಜ್ಜಿ ಮೊಮ್ಮಕ್ಕಳಿಗೆ ಒಂದು ಕಾರಣ ಹೇಳುತ್ತಿದ್ದಳು, ಹುಳ ಸಾಯುತ್ತೆ ಅಂತ. ಕಾರಣ ತಪ್ಪು, ಆದರೆ ಅರವತ್ತು ವರ್ಷ ಕಳೆದರೂ ದೊಡ್ಡಪ್ಪನಿಗೆ ನೆನಪಿತ್ತು. ನಮ್ಮ ಚೀಟಿಯಲ್ಲಿ ಸರಿಯಾದ ಮಾತಿದೆ, ಕಾರಣ ಇಲ್ಲ. ಅದು ಆನಗೋಡಿನವರೆಗೂ ನೆನಪಿರಲಿಲ್ಲ.

ಎರಡನೇ ಸಲ ಹೋದಾಗ ಡಾಕ್ಟರು ಗುಳಿಯನ್ನು ಉಪ್ಪುನೀರಿನಲ್ಲಿ ತೊಳೆದು, ಒಂದು ಮದ್ದು ತುಂಬಿದರು. ಲವಂಗದ ವಾಸನೆ ಬಂತು. ಕೇಳಿದೆ. ಲವಂಗದ ಎಣ್ಣೆಯಲ್ಲಿರುವ ಯೂಜೆನಾಲ್ ಅಂದರು. ಹಲ್ಲುನೋವಿಗೆ ಲವಂಗ ಕಚ್ಚು ಅನ್ನುತ್ತಿದ್ದಳಲ್ಲ ಅದೇ ಅಜ್ಜಿ, ಅದು ಮಾತ್ರ ಸರಿ ಇತ್ತು ಅಂತಾಯಿತು. ಅರ್ಧ ಗಂಟೆಯೊಳಗೆ ದೊಡ್ಡಪ್ಪನ ಮುಖ ಸಡಿಲವಾಯಿತು. ಪೂರ್ತಿ ಮಾಯಲು ಒಂದು ವಾರದ ಮೇಲೆ ಎರಡು ದಿನ ಹಿಡಿಯಿತು. ಆ ಒಂಬತ್ತು ದಿನದಲ್ಲಿ ಕೂಲಿಗೆ ಜನ ಇಲ್ಲದೆ ಬಿಳಿಜೋಳದ ಎಡೆಕುಂಟೆ ನಿಂತುಹೋಯಿತು ಅನ್ನುವುದನ್ನು ದೊಡ್ಡಮ್ಮ ಇವತ್ತಿಗೂ ಬಿಟ್ಟಿಲ್ಲ.

ಡಾಕ್ಟರು ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ, ಯಾರಿಗಾದರೂ ಬೇಕಾಗುತ್ತೆ. ಹತ್ತಿಯನ್ನು ಅರ್ಧ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ಎಂಜಲು ನುಂಗಬೇಕು, ಉಗುಳಬಾರದು. ಆವತ್ತು ಪೂರ್ತಿ ಬಾಯಿ ಮುಕ್ಕಳಿಸಬಾರದು, ಮಾರನೇ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ಇಟ್ಟು ಮೆಲ್ಲಗೆ ಬಗ್ಗಿ ಬಿಡಬೇಕು. ಮೊಸರನ್ನ, ಆರಿದ ಗಂಜಿ ಸಾಕು, ಬಿಸಿ ಮುದ್ದೆ ಖಾರದ ಸಾರು ಆಮೇಲೆ ನೋಡಿಕೊಂಡರಾಯಿತು. ಬೀಡಿ ಕನಿಷ್ಠ ಮೂರು ದಿನ ಬೇಡ, ಒಂದು ವಾರ ಬಿಟ್ಟರೆ ಇನ್ನೂ ವಾಸಿ. ಮೂರನೇ ದಿನ ನೋವು ಇಳಿಯುವ ಬದಲು ಏರಿದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಾ ಕೂರದೆ ಕಿತ್ತವರ ಹತ್ತಿರವೇ ವಾಪಸ್ ಹೋಗಬೇಕು. ಪೂರ್ತಿ ಬಿಡಬೇಕು ಅನ್ನಿಸಿದವರಿಗೆ 1800-11-2356 ಅನ್ನುವ ಸರ್ಕಾರದ ಉಚಿತ ಸಹಾಯವಾಣಿ ಇದೆ.

ಹೋದ ಬೇಸಿಗೆಯಲ್ಲಿ ದೊಡ್ಡಪ್ಪನ ಇನ್ನೊಂದು ಹಲ್ಲು ಹೋಯಿತು, ಈ ಸಲ ಮೇಲಿನದು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವನು, ಹತ್ತಿ ಕಚ್ಚಿಕೊಂಡೇ ಜೇಬಿನಿಂದ ಬೀಡಿ ಕಟ್ಟು ಮತ್ತು ಬೆಂಕಿಪೊಟ್ಟಣ ತೆಗೆದು ನನ್ನ ಕೈಗಿಟ್ಟ. ಮೂರು ಬೆರಳು ತೋರಿಸಿದ. ಬಾಯಿ ಬಿಟ್ಟು ಮಾತಾಡಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಆರೂವರೆಗೆ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ. "ಹೆಪ್ಪು ಕೂತೈತಪ," ಅಂದ, "ಕೊಡು ಇಲ್ಲಿ."